ಹಳೇ ಟ್ರೈಪಾಡ್ ಕೊಳ್ಳೋ ಮುಂಚೆ ಅದರ ಕಾಲು ಹಿಡಿದು ನೋಡಿ

ಕ್ಯಾಮೆರಾಗೆ ಅರವತ್ತು ಸಾವಿರ, ಲೆನ್ಸಿಗೆ ಇಪ್ಪತ್ತೈದು ಸಾವಿರ, ಬ್ಯಾಗಿಗೆ ಎರಡೂವರೆ ಸಾವಿರ. ಟ್ರೈಪಾಡಿಗೆ? ಸಾವಿರದ ಇನ್ನೂರು! ಅದೂ ಆನ್‌ಲೈನ್ ಸೇಲ್‌ನಲ್ಲಿ, ಜೊತೆಗೊಂದು ಕವರ್ ಫ್ರೀ. ಹೊಸದಾಗಿ ಫೋಟೋಗ್ರಫಿ ಹುಚ್ಚು ಹಿಡಿಸಿಕೊಂಡ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಲೆಕ್ಕ ಇದೇ. ಎಂಬತ್ತೈದು ಸಾವಿರದ ಸಾಮಾನನ್ನ ಸಾವಿರದ ಇನ್ನೂರರ ಕಾಲಿನ ಮೇಲೆ ನಿಲ್ಲಿಸಿ, ನಾವು ಎರಡು ಹೆಜ್ಜೆ ಹಿಂದೆ ನಿಂತು ಟೈಮರ್ ಒತ್ತುತ್ತೀವಿ.

ನನಗೆ ಪರಿಚಯದ ಹುಡುಗನೊಬ್ಬ ಮೊದಲ ಬೋನಸ್ ಬಂದ ತಿಂಗಳೇ ಕ್ಯಾಮೆರಾ ತಗೊಂಡ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಒಂದು ಹೊಳೆ ಹತ್ತಿರ ಟ್ರೈಪಾಡ್ ಇಟ್ಟು, ಎತ್ತರ ಸಾಲದು ಅಂತ ನಡುವಿನ ಕಂಬವನ್ನ ಪೂರ್ತಿ ಮೇಲೆತ್ತಿದ. ಒಂದು ಗಾಳಿ ಬೀಸಿತು, ಅಷ್ಟೇ. ಕ್ಯಾಮೆರಾ ಮುಖ ಅಡಿಯಾಗಿ ಬಂಡೆ ಮೇಲೆ ಬಿತ್ತು. ಲೆನ್ಸ್ ಕೂರುವ ಜಾಗವೇ ಸೊಟ್ಟಗಾಗಿತ್ತು. ರಿಪೇರಿಯವರು ಹೇಳಿದ ಮೊತ್ತ ಕೇಳಿ, ಮನೆಯಲ್ಲಿ ಅಪ್ಪನಿಗೆ ಹೇಳೋಕೂ ಆಗದೆ ಎರಡು ತಿಂಗಳು ಕ್ಯಾಮೆರಾ ಬೀರುವಿನಲ್ಲೇ ಇಟ್ಟಿದ್ದ.

ಬೀಳೋದು ಅಪರೂಪ, ನಿಜ. ಆದರೆ ಅಲುಗಾಡೋದು ದಿನಾ ಇದ್ದದ್ದೇ. ಸಂಜೆ ಬೆಳಕಲ್ಲಿ ಒಂದು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಜಲಪಾತದ ನೀರು ಹಾಲಿನ ಹಾಗೆ ಬರಬೇಕು, ಬಂಡೆ ಮಾತ್ರ ಚೂಪಾಗಿರಬೇಕು. ಬಂಡೆಯೂ ಮಂಜಾಗಿ ಬಂತು ಅಂದಾಗ ನಾವು ಲೆನ್ಸ್ ಸರಿಯಿಲ್ಲ ಅಂತ ಬೈತೀವಿ, ಇನ್ನೂ ದುಬಾರಿ ಲೆನ್ಸ್ ಹುಡುಕೋಕೆ ಶುರು ಮಾಡ್ತೀವಿ. ತಪ್ಪು ಕೆಳಗಿನ ಮೂರು ಕಾಲಿನದು ಅಂತ ಯಾರಿಗೂ ಹೊಳೆಯಲ್ಲ.

ಹಾಗಾದ್ರೆ ಒಳ್ಳೇ ಟ್ರೈಪಾಡ್ ತಗೊಳ್ಳಿ ಅನ್ನೋದು ಸುಲಭ. ಹೆಸರುವಾಸಿ ಕಂಪನಿಗಳ ಗಟ್ಟಿ ಟ್ರೈಪಾಡಿಗೆ, ಮೇಲಿನ ಹೆಡ್ಡೂ ಸೇರಿಸಿದರೆ, ಒಂದು ಲೆನ್ಸಿನಷ್ಟೇ ದುಡ್ಡು ಬೇಕು. ಮನೆ ಬಾಡಿಗೆ, ಬೈಕಿನ ಇಎಂಐ ಕಟ್ಟಿ ಉಳಿದದ್ದರಲ್ಲಿ ಹವ್ಯಾಸ ಮಾಡೋರಿಗೆ ಅದು ಆಗದ ಮಾತು. ನಾನು ಹೇಳೋಕೆ ಹೊರಟಿರೋದು ಮೂರನೇ ದಾರಿ: ಹತ್ತು ಹದಿನೈದು ವರ್ಷ ಹಳೆಯದಾದ, ಭಾರದ, ನೋಡೋಕೆ ಗೀರುಗಳಿರೋ, ಆದರೆ ಕಲ್ಲಿನ ಹಾಗೆ ನಿಲ್ಲೋ ಸೆಕೆಂಡ್ ಹ್ಯಾಂಡ್ ಟ್ರೈಪಾಡ್.

ಕ್ಯಾಮೆರಾ ಸಾಮಾನುಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳೋಕೆ ಇದಕ್ಕಿಂತ ನಂಬಿಕಸ್ಥ ವಸ್ತು ನನಗೆ ಗೊತ್ತಿಲ್ಲ. ಹಳೇ ಕ್ಯಾಮೆರಾ ತಗೊಂಡರೆ ಶಟರ್ ಎಷ್ಟು ಲಕ್ಷ ಸಲ ಹೊಡೆದಿದೆಯೋ ಅನ್ನೋ ಚಿಂತೆ. ಹಳೇ ಲೆನ್ಸ್ ತಗೊಂಡರೆ, ಅದೂ ಮಂಗಳೂರು ಉಡುಪಿ ಕಡೆಯದಾದರೆ, ಗಾಜಿನೊಳಗೆ ಫಂಗಸ್ ಕೂತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ಬ್ಯಾಟರಿ ಅಂತೂ ಸತ್ತೇ ಇರುತ್ತೆ. ಟ್ರೈಪಾಡಿನಲ್ಲಿ ಏನಿದೆ? ಕೊಳವೆ, ಬೋಲ್ಟು, ಲಾಕು. ಕರೆಂಟಿಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಇಲ್ಲ. ಕೆಟ್ಟಿದ್ದರೆ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಕ್ಯಾಮೆರಾದ ತಳದಲ್ಲಿರೋ 1/4 ಇಂಚಿನ ಸ್ಕ್ರೂ ತೂತು ಫಿಲಂ ಕಾಲದಿಂದ ಇವತ್ತಿನವರೆಗೂ ಅದೇ. ತಾತನ ಟ್ರೈಪಾಡಿಗೆ ಮೊಮ್ಮಗಳ ಮಿರರ್‌ಲೆಸ್ ಕ್ಯಾಮೆರಾ ಸರಾಗವಾಗಿ ಕೂರುತ್ತೆ. ಒಂದು ಕ್ಲಾಂಪ್ ಹಾಕಿದರೆ ಫೋನೂ ಕೂರುತ್ತೆ.

ಗಟ್ಟಿ ಅಂದ್ರೆ ಏನು?

ಡಬ್ಬದ ಮೇಲೆ ಬರೆದಿರೋ ಕಿಲೋ ಲೆಕ್ಕ ನಂಬಬೇಡಿ. ಇಷ್ಟು ಕಿಲೋ ತಡೆಯುತ್ತೆ ಅಂತ ಹಾಕೋಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಒಬ್ಬರ 5 ಕಿಲೋ ಇನ್ನೊಬ್ಬರ 10 ಕಿಲೋಗಿಂತ ಗಟ್ಟಿ ಇರಬಹುದು. ಭಾರ ತಡೆಯೋದು ಬೇರೆ, ಅಲುಗಾಡದೆ ಇರೋದು ಬೇರೆ. ಪ್ಲಾಸ್ಟಿಕ್ ಸ್ಟೂಲ್ ಕೂಡ ಮನುಷ್ಯನ ಭಾರ ತಡೆಯುತ್ತೆ. ಹಾಗಂತ ಅದರ ಮೇಲೆ ಕೂತು ಸೂಜಿಗೆ ದಾರ ಪೋಣಿಸೋಕಾಗುತ್ತಾ?

ನೋಡಬೇಕಾದ್ದು ಕೊಳವೆಯ ದಪ್ಪ. ಗೋಡೆಯ ದಪ್ಪ ಅಷ್ಟೇ ಇದ್ದು ಕೊಳವೆಯ ಅಗಲ ಎರಡರಷ್ಟಾದರೆ, ಬಾಗದೆ ನಿಲ್ಲೋ ಶಕ್ತಿ ಸುಮಾರು ಎಂಟರಷ್ಟಾಗುತ್ತೆ. ಅದಕ್ಕೇ ದಪ್ಪ ಕಾಲಿನ ಹಳೇ ಟ್ರೈಪಾಡಿನ ಮುಂದೆ, ಬೆರಳಿನಷ್ಟು ಸಣ್ಣ ಕಾಲಿನ ಹೊಸ ಟ್ರೈಪಾಡ್ ಆಟಿಕೆ ಥರ ಕಾಣೋದು. ಕಾಲು ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತೋ ಐದು ಭಾಗವಾಗಿಯೋ ಅನ್ನೋದನ್ನೂ ಎಣಿಸಿ. ಭಾಗ ಜಾಸ್ತಿ ಆದಷ್ಟೂ ಮಡಚಿದಾಗ ಗಿಡ್ಡ ಆಗುತ್ತೆ, ಬ್ಯಾಗಿಗೆ ಹೊಂದುತ್ತೆ. ಆದರೆ ಪ್ರತಿ ಭಾಗವೂ ಹಿಂದಿನದರ ಒಳಗೆ ಹೋಗಬೇಕಲ್ಲ, ಹಾಗಾಗಿ ಕೊನೆಯದು ಪೆನ್ಸಿಲ್ ಆಗಿರುತ್ತೆ. ನೆಲ ಮುಟ್ಟೋದು ಆ ಪೆನ್ಸಿಲ್ಲೇ.

ಇನ್ನು ನಡುವಿನ ಕಂಬ. ಅದನ್ನ ಎತ್ತಿದ ತಕ್ಷಣ ಮೂರು ಕಾಲಿನ ಟ್ರೈಪಾಡ್ ಒಂಟಿ ಕಾಲಿನದಾಗುತ್ತೆ. ಕಂಬ ಎತ್ತದೆಯೇ ಕ್ಯಾಮೆರಾ ನಿಮ್ಮ ಗಲ್ಲದ ಹತ್ತಿರಕ್ಕಾದರೂ ಬರಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯೋ ಎತ್ತರ ಕಂಬ ಎತ್ತಿದ್ದು ಅನ್ನೋದು ನೆನಪಿರಲಿ.

ಹೆಸರು ಹೇಳಿ ಅಂತೀರಾ? ಹಳೇ ಸಾಮಾನಿನ ಪೈಕಿ ನಾನು ಮೊದಲು ಹುಡುಕೋದು ಮ್ಯಾನ್‌ಫ್ರೊಟ್ಟೊ ಕಂಪನಿಯ 055 ಸರಣಿ. ಇಟಲಿಯ ಬಸ್ಸಾನೊ ದೆಲ್ ಗ್ರಾಪ್ಪಾ ಅನ್ನೋ ಊರಲ್ಲಿ ಫೋಟೋಗ್ರಾಫರ್ ಆಗಿದ್ದ ಲೀನೊ ಮ್ಯಾನ್‌ಫ್ರೊಟ್ಟೊ ತನ್ನ ಸ್ಟುಡಿಯೋ ಲೈಟುಗಳಿಗೆ ಸರಿಯಾದ ಸ್ಟ್ಯಾಂಡ್ ಸಿಗದೆ ತಾನೇ ಮಾಡಿಕೊಳ್ಳೋಕೆ ಶುರು ಮಾಡಿದ್ದು ಮುಂದೆ ದೊಡ್ಡ ಕಂಪನಿ ಆಯ್ತು. ಈ ಸರಣಿಯ 055ಎಕ್ಸ್‌ಪ್ರೊಬಿ ಅನ್ನೋ ಅಲ್ಯೂಮಿನಿಯಂ ಮಾಡೆಲ್ 2.4 ಕಿಲೋ ತೂಗುತ್ತೆ. ಅದರ ತಮ್ಮ 190ಎಕ್ಸ್‌ಪ್ರೊಬಿ 1.8 ಕಿಲೋ. ಎರಡರಲ್ಲೂ ನಡುವಿನ ಕಂಬವನ್ನ ಅಡ್ಡಕ್ಕೆ ಮಲಗಿಸಬಹುದು. ಮನೆಯಲ್ಲಿ ಅಡುಗೆ ರೀಲ್ಸ್ ಮಾಡೋರು, ಟೆರಾಕೋಟಾ ಓಲೆ, ಸೀರೆ ಕುಚ್ಚು ಮಾರೋರು ಟೇಬಲ್ಲಿನ ಮೇಲಿಂದ ನೇರ ಕೆಳಕ್ಕೆ ಫೋನ್ ತಿರುಗಿಸಿ ಹಿಡಿಯೋಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಅಡ್ಡ ಮಲಗಿಸಿದಾಗ ಎದುರು ಬದಿಗೆ ಒಂದು ಭಾರದ ಚೀಲ ನೇತುಹಾಕಿ, ಇಲ್ಲಾಂದ್ರೆ ಮುಗ್ಗರಿಸುತ್ತೆ.

ಜಿಟ್ಜೊ ಸಿಕ್ಕರೆ ನಿಮ್ಮ ಅದೃಷ್ಟ. 1917ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಕಂಪನಿ ಅದು. ಅವರ ಹಳೇ ಅಲ್ಯೂಮಿನಿಯಂ ಟ್ರೈಪಾಡುಗಳ ಬಣ್ಣ ಹೋಗಿರುತ್ತೆ, ಕಾಲು ಮಾತ್ರ ಕದಲಲ್ಲ. ಜಪಾನಿನ ಸ್ಲಿಕ್, ವೆಲ್ಬಾನ್ ಹೆಸರಿನ ದಪ್ಪ ಕಾಲಿನ ಮಾಡೆಲ್ಲುಗಳು ನಮ್ಮೂರ ಹಳೇ ಸ್ಟುಡಿಯೋಗಳಲ್ಲಿ ಇನ್ನೂ ಇವೆ. ಆದರೆ ಬ್ರ್ಯಾಂಡ್ ನೋಡಿ ಮರುಳಾಗೋದೂ ಬೇಡ. ಇದೇ ಕಂಪನಿಗಳು ಪ್ಲಾಸ್ಟಿಕ್ ಕೀಲಿನ ಅಗ್ಗದ ಟ್ರೈಪಾಡನ್ನೂ ಮಾಡಿವೆ.

ಎಲ್ಲಿ ಹುಡುಕೋದು?

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಬೆಳಗ್ಗೆ ಬೇಗ ಹೋದರೆ ಒಮ್ಮೊಮ್ಮೆ ಸಿಗುತ್ತೆ. ಆದರೆ ಅದು ಲಾಟರಿ. ಆನ್‌ಲೈನ್ ಜಾಹೀರಾತುಗಳಲ್ಲಿ ಸಾಕಷ್ಟು ಇರುತ್ತೆ. ಕೆಲಸ ಬಿಟ್ಟು ವಿದೇಶಕ್ಕೆ ಹೋಗೋರು, ಮಗು ಹುಟ್ಟಿದ ಮೇಲೆ ಹವ್ಯಾಸಕ್ಕೆ ಟೈಮ್ ಸಿಗದೋರು ಮಾರೋ ಟ್ರೈಪಾಡುಗಳು ಹೆಚ್ಚಾಗಿ ಹೊಸದರಂತೆಯೇ ಇರುತ್ತವೆ. ಎರಡು ಟ್ರಿಪ್‌ಗೆ ಹೊತ್ತು, ಭುಜ ನೋವು ಬಂದು, ಮೂಲೆಗಿಟ್ಟಿದ್ದು ಅವು.

ನಾನು ಮಾತ್ರ ಹೇಳೋದು, ನಿಮ್ಮೂರಿನ ಹಳೇ ಫೋಟೋ ಸ್ಟುಡಿಯೋದಲ್ಲಿ ಒಮ್ಮೆ ಕೇಳಿ ಅಂತ. ತಾಲ್ಲೂಕು ಕೇಂದ್ರಗಳಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಮೇಲೆ, ಪಾಸ್‌ಪೋರ್ಟ್ ಸೈಜ್ ಫೋಟೋ ಮತ್ತು ಲ್ಯಾಮಿನೇಷನ್‌ನಲ್ಲೇ ಬದುಕುತ್ತಿರೋ ಸ್ಟುಡಿಯೋಗಳಿವೆಯಲ್ಲ, ಅಲ್ಲಿ ಹಿಂದಿನ ಕೋಣೆಯಲ್ಲಿ ಹೂವಿನ ಪರದೆಯ ಪಕ್ಕ ಧೂಳು ಹಿಡಿದ ಟ್ರೈಪಾಡ್ ನಿಂತಿರುತ್ತೆ. ಶಾಲೆಯ ಗ್ರೂಪ್ ಫೋಟೋ, ಮದುವೆ, ನಾಮಕರಣ ಎಲ್ಲಕ್ಕೂ ಹೋಗಿ ಬಂದದ್ದು. ಮದುವೆ ಆರ್ಡರ್‌ಗಳೆಲ್ಲ ಈಗ ಹೊಸ ಹುಡುಗರ ಪಾಲಾಗಿವೆ, ಅವರ ಕೈಯಲ್ಲಿ ಗಿಂಬಲ್ ಇದೆ. ಆ ಟ್ರೈಪಾಡಿಗೆ ಕೆಲಸ ಇಲ್ಲ.

ಇಲ್ಲಿ ಚೌಕಾಸಿ ಬಗ್ಗೆ ಒಂದು ಮಾತು. ಆನ್‌ಲೈನಿನಲ್ಲಿ ಮಾರೋ ಐಟಿ ಉದ್ಯೋಗಿ ಹತ್ತಿರ ನೀವು ಎಷ್ಟು ಬೇಕಾದರೂ ಎಳೆದಾಡಿ, ಅವರೂ ಎಳೆದಾಡ್ತಾರೆ. ಸ್ಟುಡಿಯೋದ ಹಿರಿಯರ ಹತ್ತಿರ ಹೋಗಿ "ಏನ್ ಸಾರ್, ಈ ಗುಜರಿಗೆ ಎಷ್ಟು?" ಅಂತ ಶುರು ಮಾಡಬೇಡಿ. ಅವರು ಮೂವತ್ತು ವರ್ಷ ಅನ್ನ ತಿಂದ ಸಾಮಾನು ಅದು. "ಅಣ್ಣಾ, ನಂಗೆ ಒಂದು ಗಟ್ಟಿ ಟ್ರೈಪಾಡ್ ಬೇಕಿತ್ತು, ಉಪಯೋಗಿಸೋಕೆ" ಅನ್ನಿ. ಮಾರೋಕಲ್ಲ, ಉಪಯೋಗಿಸೋಕೆ ಅಂತ ಗೊತ್ತಾದರೆ ಮಾತಿನ ಧಾಟಿಯೇ ಬದಲಾಗುತ್ತೆ. ಚಹಾ ಬರುತ್ತೆ. ಯಾವ ಲಾಕ್ ಸ್ವಲ್ಪ ಸಡಿಲ, ಯಾವ ಕಾಲನ್ನ ಯಾವಾಗ ರಿಪೇರಿ ಮಾಡಿಸಿದ್ದು ಅನ್ನೋದನ್ನ ಅವರೇ ಹೇಳ್ತಾರೆ. ಇಷ್ಟು ಸತ್ಯ ಯಾವ ಜಾಹೀರಾತಿನಲ್ಲೂ ಬರೆದಿರಲ್ಲ. ಅಲ್ಲಿ ಕೇಳಿದ ಬೆಲೆಗಿಂತ ಇನ್ನೂರು ಮುನ್ನೂರು ಕಮ್ಮಿ ಮಾಡಿಸಿ ಗೆದ್ದೆ ಅಂದುಕೊಳ್ಳೋದರಲ್ಲಿ ನನಗಂತೂ ಖುಷಿ ಕಾಣಲ್ಲ.

ಮದುವೆ ವಿಡಿಯೋದವರು ಮಾರೋ ಟ್ರೈಪಾಡ್ ಆದರೆ ಒಂದು ಎಚ್ಚರ. ಅವು ಭಾರೀ ಗಟ್ಟಿ, ಬೆಲೆಯೂ ಕಡಿಮೆ. ಆದರೆ ಎಷ್ಟೋ ಟ್ರೈಪಾಡುಗಳ ನೆತ್ತಿಯಲ್ಲಿ ಚಪ್ಪಟೆ ತಟ್ಟೆ ಇರಲ್ಲ, ಬಟ್ಟಲಿನಂಥ ಗುಂಡಿ ಇರುತ್ತೆ, ಸಾಮಾನ್ಯವಾಗಿ 75 ಅಥವಾ 100 ಮಿಲಿಮೀಟರಿನದು. ಫೋಟೋ ಹೆಡ್ ನೇರವಾಗಿ ಕೂರಲ್ಲ, ಅಡಾಪ್ಟರ್ ಬೇಕು. ಅಂದ ಹಾಗೆ ಜಮೀನು ಸರ್ವೆಯವರ ಹಳದಿ ಬಣ್ಣದ ಟ್ರೈಪಾಡ್ ನೋಡಿ ಆಸೆಪಟ್ಟವರೂ ಇದ್ದಾರೆ. ಮರದ್ದಾದರೆ ಕಂಪನವನ್ನ ಚೆನ್ನಾಗಿ ಹೀರಿಕೊಳ್ಳುತ್ತೆ ಕೂಡ. ಆದರೆ ಅದರ ಸ್ಕ್ರೂ 5/8 ಇಂಚಿನದು, ಹೊತ್ತು ತಿರುಗೋಕೆ ಜೊತೆಗೊಬ್ಬ ಆಳೂ ಬೇಕು.

ಕೈಗೆ ಬಂದ ಮೇಲೆ ಹತ್ತು ನಿಮಿಷ

ದುಡ್ಡು ಕೊಡೋ ಮುಂಚೆ ಹತ್ತು ನಿಮಿಷ ಕೇಳಿ. ಕೊಡಲ್ಲ ಅಂದರೆ ಬಂದುಬಿಡಿ.

ಮೊದಲು ಮೂರೂ ಕಾಲನ್ನ ಪೂರ್ತಿ ಎಳೆದು, ಎಲ್ಲ ಲಾಕ್ ಹಾಕಿ ನಿಲ್ಲಿಸಿ. ನೆತ್ತಿಯ ಮೇಲೆ ಎರಡೂ ಕೈ ಇಟ್ಟು ನಿಧಾನಕ್ಕೆ ಭಾರ ಬಿಡಿ. ಯಾವುದಾದರೂ ಕಾಲು ಸರ್ರನೆ ಒಳಗೆ ಜಾರಿದರೆ ಆ ಲಾಕ್ ಸವೆದಿದೆ ಅಂತ ಅರ್ಥ. ಲಿವರ್ ಥರ ಮಡಚೋ ಲಾಕ್ ಆದರೆ ಗಾಬರಿ ಬೇಡ, ಬಹಳಷ್ಟು ಮಾಡೆಲ್ಲುಗಳಲ್ಲಿ ಪಕ್ಕದ ನಟ್ ಬಿಗಿ ಮಾಡಿದರೆ ಸರಿಹೋಗುತ್ತೆ. ಅಲ್ಲೇ ಮಾಡಿ ನೋಡಿ. ಲಿವರ್ರೇ ಮುರಿದಿದ್ದರೆ ಮಾತ್ರ ಬಿಡಿಭಾಗ ಸಿಗುತ್ತಾ ಅಂತ ಗೊತ್ತಾಗೋವರೆಗೂ ಕೊಳ್ಳಬೇಡಿ. ತಿರುಗಿಸೋ ಲಾಕ್ ಆದರೆ ಜಾರೋದಕ್ಕೆ ಕಾರಣ ಎಷ್ಟೋ ಸಲ ಒಳಗೆ ಸೇರಿರೋ ಮರಳು, ಇಲ್ಲವೇ ಒಣಗಿದ ಗ್ರೀಸು. ಬಿಚ್ಚಿ ತೊಳೆದರೆ ಹೋಗುತ್ತೆ. ತಿರುಗಿಸುವಾಗ ಕರಕರ ಅಂದರೆ ಗೋಕರ್ಣವೋ ಮಲ್ಪೆಯೋ ನೋಡಿ ಬಂದಿದೆ ಅಂದುಕೊಳ್ಳಿ. ಸಮುದ್ರದ ಮರಳಿಗಿಂತ ಉಪ್ಪು ಅಪಾಯ. ಅಲ್ಯೂಮಿನಿಯಂ ಮೇಲೆ ಬಿಳೀ ಪುಡಿ, ಸ್ಕ್ರೂಗಳ ತಲೆ ಮೇಲೆ ತುಕ್ಕು ಇದ್ದರೆ ಒಳಗೂ ಹಾಗೇ ಇರುತ್ತೆ.

ಆಮೇಲೆ ನೆತ್ತಿಯ ತಟ್ಟೆಯನ್ನ ಹಿಡಿದು, ಬಾಟಲ್ ಮುಚ್ಚಳ ತಿರುಗಿಸೋ ಹಾಗೆ ಎಡಕ್ಕೆ ಬಲಕ್ಕೆ ತಿರುಚಿ. ಒಂಚೂರು ಬಾಗಿ ಸಟ್ಟನೆ ವಾಪಸ್ ಬಂದರೆ ಸರಿ. ಲಟಲಟ ಅಂತ ಸಡಿಲವಾಗಿ ಆಡಿದರೆ ಎಲ್ಲಿಂದ ಶಬ್ದ ಬರ್ತಿದೆ ನೋಡಿ. ಕಾಲು ಸೇರೋ ಕೀಲಿನ ಬೋಲ್ಟ್ ಆದರೆ ಅಲೆನ್ ಕೀಯಲ್ಲಿ ಬಿಗಿ ಮಾಡಬಹುದು. ಆ ಕೀಲು ಕೂರೋ ಎರಕದ ಭಾಗದಲ್ಲೇ ಕೂದಲೆಳೆಯಷ್ಟು ಬಿರುಕು ಕಂಡರೆ ಬೆಲೆ ಎಷ್ಟೇ ಇರಲಿ, ನಮಸ್ಕಾರ ಹೇಳಿ ಹೊರಡಿ. ಟ್ರೈಪಾಡಿನ ಬೆನ್ನುಮೂಳೆ ಅದು.

ಕಾಲುಗಳ ಮೇಲೆ ಬೆರಳಾಡಿಸಿ. ಗೀರು ಪರವಾಗಿಲ್ಲ. ತಗ್ಗು ಬಿದ್ದಿದ್ದರೆ ಆ ಭಾಗ ಒಳಗೆ ಹೋಗುವಾಗ ಸಿಕ್ಕಿಕೊಳ್ಳುತ್ತೆ. ಕಾರ್ಬನ್ ಫೈಬರ್ ಆದರೆ ಒಂದು ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಿ. ಟಣಟಣ ಅನ್ನುತ್ತಿದ್ದದ್ದು ಒಂದು ಕಡೆ ಮಾತ್ರ ಮಂಕಾಗಿ ಕೇಳಿದರೆ ಅಲ್ಲಿ ಒಳಗೆ ಬಿರುಕಿರಬಹುದು. ಕಾರ್ಬನ್ ಹಗುರ, ದುಬಾರಿ, ಆದರೆ ಪೆಟ್ಟು ತಿಂದದ್ದನ್ನ ಹೊರಗೆ ತೋರಿಸಲ್ಲ. ಮೊದಲ ಸಲ ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗೆ ಅಲ್ಯೂಮಿನಿಯಮ್ಮೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಕೊನೆಗೆ ನಿಮ್ಮ ಫೋನ್ ತೆಗೀರಿ. ನೂರಿನ್ನೂರು ರೂಪಾಯಿಯ ಫೋನ್ ಕ್ಲಾಂಪ್ ಒಂದನ್ನ ಜೇಬಲ್ಲಿಟ್ಟುಕೊಂಡೇ ಹೋಗಿ. ಫೋನನ್ನ ಟ್ರೈಪಾಡಿಗೆ ಹಾಕಿ, ಕ್ಯಾಮೆರಾ ತೆರೆದು, ಪೂರ್ತಿ ಜೂಮ್ ಮಾಡಿ ದೂರದ ಅಂಗಡಿ ಬೋರ್ಡ್ ಒಂದಕ್ಕೆ ಗುರಿ ಇಡಿ. ಈಗ ಒಂದು ಕಾಲನ್ನ ಬೆರಳಲ್ಲಿ ಠಕ್ ಅಂತ ತಟ್ಟಿ, ಪರದೆ ನೋಡ್ತಾ ಎಣಿಸಿ. ಬೋರ್ಡಿನ ಅಕ್ಷರ ಒಂದೆರಡು ಎಣಿಸುವಷ್ಟರಲ್ಲಿ ನಿಂತರೆ ಆ ಟ್ರೈಪಾಡ್ ಗಟ್ಟಿ. ಐದಾರು ಎಣಿಸಿದರೂ ನಡುಗ್ತಾನೇ ಇದ್ದರೆ ಬೇಡ. ಫೋನಿನ ಒಳಗಿನ ಸ್ಟೆಬಿಲೈಸೇಷನ್ ನಡುಕವನ್ನ ಸ್ವಲ್ಪ ಮುಚ್ಚಿಡುತ್ತೆ, ಅದನ್ನೂ ಮೀರಿ ನಡುಕ ಕಂಡರೆ ಅನುಮಾನವೇ ಬೇಡ. ನಡುವಿನ ಕಂಬ ಎತ್ತಿ ಇನ್ನೊಮ್ಮೆ ತಟ್ಟಿ ನೋಡಿ, ನಾನು ಆಗಲೇ ಕಂಬದ ಬಗ್ಗೆ ಅಷ್ಟು ಹೇಳಿದ್ದೇಕೆ ಅಂತ ತಿಳಿಯುತ್ತೆ.

ಹೆಡ್ ಜೊತೆಗೆ ಬಂದರೆ ಅದನ್ನೂ ಪರೀಕ್ಷಿಸಿ. ನಿಮ್ಮ ಕ್ಯಾಮೆರಾವನ್ನ ಅತಿ ಭಾರದ ಲೆನ್ಸ್ ಸಮೇತ ಹಾಕಿ, ಒಂದು ಚುಕ್ಕೆಗೆ ಗುರಿ ಇಟ್ಟು ಬಿಗಿ ಮಾಡಿ ಕೈ ಬಿಡಿ. ಕೈ ಬಿಟ್ಟ ಮೇಲೆ ಚುಕ್ಕೆ ಮೇಲಕ್ಕೆ ಸರಿದ ಹಾಗೆ ಕಂಡರೆ ಹೆಡ್ ತಲೆ ಬಾಗಿಸ್ತಿದೆ. ಮುಖ್ಯವಾಗಿ ಮೇಲಿನ ಪ್ಲೇಟ್ ಇದೆಯಾ ಕೇಳಿ. ಮನೆ ಬದಲಾಯಿಸುವಾಗ ಮೊದಲು ಕಳೆದುಹೋಗೋದು ಅದೇ. ಮ್ಯಾನ್‌ಫ್ರೊಟ್ಟೊದ ಆರ್‌ಸಿ2 ಪ್ಲೇಟಿಗೂ ಈಗ ಎಲ್ಲ ಕಡೆ ಬಂದಿರೋ ಆರ್ಕಾ-ಸ್ವಿಸ್ ಮಾದರಿಯ ಪ್ಲೇಟಿಗೂ ಹೊಂದಲ್ಲ. ಪ್ಲೇಟ್ ಇಲ್ಲದ ಹೆಡ್ಡಿಗೆ ನಾನಂತೂ ದುಡ್ಡು ಕೊಡಲ್ಲ, ಬರೀ ಕಾಲಿನ ಬೆಲೆ ಮಾತಾಡ್ತೀನಿ. ಹೆಡ್ ಬೇರೆ ತಗೊಂಡರಾಯ್ತು, ಹೆಚ್ಚಿನ ಗಟ್ಟಿ ಕಾಲುಗಳ ನೆತ್ತಿಯಲ್ಲಿ 3/8 ಇಂಚಿನ ಸ್ಕ್ರೂ ಇರುತ್ತೆ, ಯಾವ ಕಂಪನಿಯ ಹೆಡ್ ಆದರೂ ಕೂರುತ್ತೆ. ಎಲ್ಲವೂ ಸರಿಯಿದ್ದರೆ ಹೊಸದರ ಬೆಲೆಯ ಅರ್ಧಕ್ಕಿಂತ ಮೇಲೆ ಹೋಗೋ ಅಗತ್ಯ ಇಲ್ಲ.

ದುಡ್ಡಿನ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡ್ತೀನಿ. "ನಾನು ಸೇನೆಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಅರ್ಧ ರೇಟಿಗೆ ಕೊಡ್ತೀನಿ, ಸಾಗಣೆ ಖರ್ಚು ಮಾತ್ರ ಮೊದಲು ಹಾಕಿ" ಅಂತ ಗುರುತಿನ ಚೀಟಿಯ ಫೋಟೋ ಕಳಿಸೋರು ಯಾವ ಸೇನೆಯವರೂ ಅಲ್ಲ. ಆನ್‌ಲೈನ್ ಜಾಹೀರಾತಿನ ಹಳೇ ಮೋಸ ಅದು. ವಸ್ತು ಕೈಯಲ್ಲಿ ಹಿಡಿಯೋವರೆಗೂ ಒಂದು ರೂಪಾಯಿಯನ್ನೂ ಹಾಕಬೇಡಿ. ಮಾರೋರ ಮನೆ ಬೇಡ ಅನ್ನಿಸಿದರೆ ಮೆಟ್ರೋ ಸ್ಟೇಷನ್ ಹತ್ತಿರವೋ ಜನ ಓಡಾಡೋ ಹೋಟೆಲ್ಲಲ್ಲೋ ಭೇಟಿ ಮಾಡಿ. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆ ಇರೋ ರಾಷ್ಟ್ರೀಯ ಸಹಾಯವಾಣಿ ಅದು.

ಭಾರದ ಟ್ರೈಪಾಡಿನ ಕಷ್ಟವನ್ನೂ ಮುಚ್ಚಿಡಲ್ಲ. ಎರಡೂವರೆ ಕಿಲೋ ಕಾಲು, ಅರ್ಧ ಕಿಲೋ ಹೆಡ್ ಹೊತ್ತು ಕುಮಾರ ಪರ್ವತ ಹತ್ತೋಕೆ ನಾನು ಯಾರಿಗೂ ಹೇಳಲ್ಲ. ಚಾರಣಕ್ಕೇ ಬೇಕು ಅನ್ನೋರು ಹಗುರದ್ದನ್ನೇ ನೋಡಿ, ಕೊಕ್ಕೆಗೆ ಬ್ಯಾಗ್ ನೇತುಹಾಕಿ ಭಾರ ಕೊಡಿ. ಬೇಲೂರು, ಹಂಪಿಯ ಕಡೆ ಕತ್ತಲಿನ ಮಂಟಪಗಳಲ್ಲಿ ಟ್ರೈಪಾಡ್ ಇಟ್ಟು ತೆಗೀತೀನಿ ಅನ್ನೋ ಆಸೆ ಇದ್ದರೆ, ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತವಾಗಿ ಅನುಮತಿ ತಗೋಬೇಕು. ಗೇಟಿನಲ್ಲೇ ತಡೀತಾರೆ. ಕಾರಿನ ಡಿಕ್ಕಿಯಿಂದ ನೂರು ಹೆಜ್ಜೆ ಒಳಗಿನ ಸೂರ್ಯಾಸ್ತ, ಊರ ಮನೆ ತಾರಸಿ ಮೇಲಿನ ನಕ್ಷತ್ರ, ಅಜ್ಜಿಯನ್ನ ಮಧ್ಯೆ ಕೂರಿಸಿ ಇಡೀ ಮನೆಯವರ ಫೋಟೋ, ಇವಕ್ಕೆಲ್ಲ ಭಾರವೇ ಬಂಧು.

ಮನೆಗೆ ತಂದ ಮೇಲೆ ಒಂದು ಭಾನುವಾರ ಅದಕ್ಕೆ ಕೊಡಿ. ಕಾಲಿನ ಭಾಗಗಳನ್ನ ಒಂದೊಂದಾಗಿ ಬಿಚ್ಚಿ, ಯಾವುದು ಎಲ್ಲಿಂದ ಬಂತು ಅಂತ ಫೋನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಸೋಪಿನ ನೀರಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ತಿರುಗಿಸೋ ಲಾಕ್ ಆದರೆ ಅದರ ಮರೆಗೆ ತೆಳುವಾಗಿ ಗ್ರೀಸ್ ಸವರಿ. ಲಿವರ್ ಲಾಕಿನ ಕಾಲುಗಳಿಗೆ ಎಣ್ಣೆ ಹಾಕಲೇಬೇಡಿ, ಜಾರೋಕೆ ಶುರುವಾಗುತ್ತೆ. ತುದಿಯ ರಬ್ಬರ್ ಸವೆದು ಹೋಗಿದ್ದು ಕಂಪನಿಯದು ಸಿಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಊರುಗೋಲಿನ ರಬ್ಬರ್ ಬುಷ್ ಕೇಳಿ. ಬೇರೆ ಬೇರೆ ಅಳತೆಯಲ್ಲಿ ಬರುತ್ತೆ, ಕಾಲಿನ ಕೊನೆಯ ಭಾಗವನ್ನೇ ಜೊತೆಗೆ ತಗೊಂಡು ಹೋದರೆ ಅಲ್ಲೇ ಹಾಕಿ ನೋಡಬಹುದು. ಮೂರು ತಗೊಳ್ಳೋ ಬದಲು ನಾಲ್ಕು ತಗೊಳ್ಳಿ, ಒಂದು ಖಂಡಿತ ಎಲ್ಲೋ ಬಿದ್ದುಹೋಗುತ್ತೆ.